ಡಕೋಟಾದ ಕೊನೆಯ ಅಂಕಿ

ಹೋದ ತಿಂಗಳು ಬೆಟಗೇರಿಯಲ್ಲಿ ಕಾಯಿಪಲ್ಲೆ ಚೀಲ ಹಿಡಿದುಕೊಂಡು ಮನೆಗೆ ಬರುತ್ತಿದ್ದವನು ಒಂದು ಲಾರಿ ಗ್ಯಾರೇಜಿನ ಮುಂದೆ ಸುಮ್ಮನೆ ನಿಂತುಬಿಟ್ಟೆ. ಒಬ್ಬ ಪೇಂಟರ್ ತುದಿಗಾಲಲ್ಲಿ ಕೂತು ಲಾರಿಯ ಹಿಂಬದಿಗೆ ನಂಬರು ಬರೆಯುತ್ತಿದ್ದ. ಈಗೀಗ ಇದನ್ನೆಲ್ಲ ಸ್ಟಿಕ್ಕರಿನಲ್ಲಿ ಮುಗಿಸುತ್ತಾರೆ. ಕುಂಚ ಹಿಡಿದು ಬರೆಯುವವನನ್ನು ನೋಡಿ ಎಷ್ಟೋ ವರ್ಷವಾಗಿತ್ತು. ಆದರೆ ನನ್ನನ್ನು ನಿಲ್ಲಿಸಿದ್ದು ಕುಂಚವಲ್ಲ, ಪಕ್ಕದ ಡಬ್ಬಿಯಿಂದ ಬರುತ್ತಿದ್ದ ಟರ್ಪಂಟೈನ್ ವಾಸನೆ. ನಿಮಗೂ ಹೀಗೆ ಆಗಿರಬಹುದು: ಮೂಗು ಮೊದಲು ಹೋಗಿ ಎಲ್ಲೋ ಕೂತುಬಿಡುತ್ತದೆ, ನಾವು ಆಮೇಲೆ ಅದನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ. ನನ್ನ ಮೂಗು ಹೋಗಿ ಕೂತದ್ದು ಲಕ್ಷ್ಮೇಶ್ವರದ ಕಾಳಿನ ಪೇಟೆಯ ಹಿಂದಿನ ಓಣಿಯಲ್ಲಿ, ಹುಸೇನಸಾಬರ ಅಂಗಡಿಯ ಕಟ್ಟೆಯ ಮೇಲೆ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನಾಗ ಶಿರಹಟ್ಟಿಯ ಒಂದು ಕಚೇರಿಯಲ್ಲಿ ಟೈಪಿಸ್ಟ್. ಲಕ್ಷ್ಮೇಶ್ವರದಲ್ಲಿ ಖೋಲಿ ಹಿಡಿದು ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಇಪ್ಪತ್ನಾಲ್ಕರ ವಯಸ್ಸು, ಖೋಲಿಯ ಬಾಗಿಲಿಗೆ ಹೆಸರಿನ ಬೋರ್ಡು ಇಲ್ಲದಿದ್ದರೆ ಜಗತ್ತಿಗೆ ನನ್ನ ವಿಳಾಸ ಸಿಗಲಿಕ್ಕಿಲ್ಲ ಎಂಬ ಚಿಂತೆ. ಬೋರ್ಡು ಬರೆಯುವ ಹುಸೇನಸಾಬರ ಬಳಿ ಹೋಗಿ, ಹೆಸರಿನ ಮುಂದೆ ಬಿ.ಎ. ಅಂತಲೂ ಬರೆಯಿರಿ ಎಂದೆ.

“ಸರ್ಟಿಫಿಕೇಟ್ ತಂದೀರೇನ್ರಿ?” ಎಂದರು.

“ಬೋರ್ಡಿಗೆ ಸರ್ಟಿಫಿಕೇಟ್ ಯಾಕ್ರಿ?”

“ನಾ ಬರದದ್ದನ್ನ ಮಂದಿ ಖರೆ ಅಂತ ಓದತಾರ. ಅದಕ್ಕ.”

ನನ್ನದು ಒಂದು ಪೇಪರು ಇನ್ನೂ ಉಳಿದಿತ್ತು. ಒಪ್ಪಿಕೊಂಡೆ. ಅವರು ನಗಲಿಲ್ಲ. ಹೆಸರನ್ನಷ್ಟೇ ಬರೆದು, ಅದರ ಮುಂದೆ ಎರಡು ಅಕ್ಷರಕ್ಕೆ ಸಾಕಾಗುವಷ್ಟು ಜಾಗ ಬಿಟ್ಟು, “ಪಾಸಾದ ದಿವಸ ಬರ್ರಿ, ಪುಕ್ಕಟೆ ಬರದ್ಕೊಡತೀನಿ” ಎಂದರು. ನಾನು ಆ ಪೇಪರನ್ನು ಮತ್ತೆ ಮೂರು ಸಲ ಬರೆದೆ. ಆ ಜಾಗ ಮಾತ್ರ ಖಾಲಿಯೇ ಉಳಿಯಿತು.

ಬೋರ್ಡು ಒಣಗುವವರೆಗೆ ಕೂತಿದ್ದಾಗ ಅಂಗಡಿಯ ಒಳಗಿನ ಹಲಗೆಯ ಮೇಲೆ ಸಾಲಾಗಿ ನಿಂತಿದ್ದ ವಿಮಾನಗಳನ್ನು ಕಂಡೆ. ಆಟಿಕೆಯ ವಿಮಾನಗಳಲ್ಲ ಅವು. ಹುಸೇನಸಾಬರು ಪ್ರಾಯದಲ್ಲಿ ವಾಯುಪಡೆ ಸೇರಿ, ಹದಿನೈದು ವರ್ಷ ವಿಮಾನಗಳಿಗೆ ಬಣ್ಣ ಬಳಿದು, ಬಾಲದ ಮೇಲೆ ನಂಬರು ಬರೆದು ಊರಿಗೆ ಮರಳಿದವರು. ಊರಲ್ಲಿ ಲಾರಿ, ಟ್ರ್ಯಾಕ್ಟರು, ಕಿರಾಣಿ ಅಂಗಡಿಯ ಬೋರ್ಡು. ಬಿಡುವಾದಾಗ ಈ ವಿಮಾನಗಳು. ಯಂತ್ರದ ಸಾಮಾನು ತುಂಬಿ ಬಂದ ಪೆಟ್ಟಿಗೆಗಳ ಹಲಗೆಯನ್ನು ಕೊರೆದು, ಉಜ್ಜಿ, ಅರಗು ಹಚ್ಚಿ ಮಾಡುತ್ತಿದ್ದರು. ಕಿಟಕಿಯ ಗಾಜಿಗೆ ಹಳೆಯ ಎಕ್ಸ್‌ರೇ ಹಾಳೆಯನ್ನು ತೊಳೆದು ಬಳಸುತ್ತಿದ್ದರು. ಎಲ್ಲವೂ ಅಸಲಿನ ಎಪ್ಪತ್ತೆರಡನೇ ಒಂದು ಪಾಲು. “ಆರು ಅಡಿ ಮನಷ್ಯಾ ಇದರ ಮುಂದ ನಿಂತ್ರ ಒಂದು ಇಂಚು ಆಗ್ತಾನ” ಎಂದು ಹೆಬ್ಬೆರಳಿನ ತುದಿ ತೋರಿಸಿದರು. ಬಾಲದ ಮೇಲಿನ ಅಂಕಿಗಳು ಜೋಳದ ಕಾಳಿಗಿಂತ ಚಿಕ್ಕವು. ಅವನ್ನು ನಾಲ್ಕೈದು ಕೂದಲಷ್ಟೇ ಉಳಿಸಿದ ಕುಂಚದಿಂದ, ಉಸಿರು ಬಿಗಿಹಿಡಿದು ಬರೆಯುತ್ತಿದ್ದರು. ಪಕ್ಕದಲ್ಲಿ ಕೂತು ಹೊಲಿಗೆ ಹಾಕುತ್ತಿದ್ದ ಮಗಳು ಮೆಹಬೂಬಿ ಕೂಡ ಆಗ ಮಶೀನು ನಿಲ್ಲಿಸಿಬಿಡುತ್ತಿದ್ದಳು.

ಮೂರು ವಿಮಾನಗಳ ಬಾಲ ಮಾತ್ರ ಬರಿದಾಗಿತ್ತು. ಯಾಕೆಂದು ಕೇಳಿದೆ.

“ನಂಬರ ಖಾತ್ರಿ ಆಗಿಲ್ರಿ.”

“ಯಾವುದಾರೆ ಒಂದು ಹಾಕಿದ್ರ ಯಾರಿಗೆ ಗೊತ್ತಾಗತೈತಿ?”

ಅವರು ನನ್ನನ್ನು ನೋಡಿದ ರೀತಿಗೆ, ನನ್ನ ಬಿ.ಎ. ಇನ್ನೊಮ್ಮೆ ಫೇಲಾಯಿತು. “ಒಂದೊಂದು ವಿಮಾನದ ಹಿಂದ ಒಂದಿಪ್ಪತ್ತು ಮಂದಿ ಇರತಾರ,” ಎಂದರು. “ಅವರಿಗೆ ಗೊತ್ತಾಗತೈತಿ.”

ಮೆಹಬೂಬಿ ತಲೆ ಎತ್ತದೆ ಸೇರಿಸಿದಳು: “ಅಬ್ಬಾ ನನ್ನ ಹೊಲಿಗಿನೂ ಭೂತಗನ್ನಡಿ ಹಿಡದು ನೋಡತಾರ್ರಿ.”

ಹೀಗೆ ಶುರುವಾಯಿತು ನಮ್ಮ ಸ್ನೇಹ. ನಾನು ಅವರನ್ನು ಚಾಚಾ ಎನ್ನತೊಡಗಿದೆ. ಅವರು ನನ್ನನ್ನು ಬಹುವಚನದಿಂದ ಇಳಿಸಿ ತಮ್ಮಾ ಎಂದರು. ನಂಬರು ಖಾತ್ರಿ ಮಾಡಿಕೊಳ್ಳಲು ಅವರಿಗೆ ಎಲ್ಲೆಲ್ಲೋ ಇದ್ದ ಹಳೆಯ ಜೊತೆಗಾರರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯಬೇಕಿತ್ತು, ನನ್ನ ಕೈಯಲ್ಲಿ ಟೈಪಿಂಗ್ ಇತ್ತು. ಇಂಗ್ಲಿಷ್ ಇತ್ತೆಂದು ಹೇಳಲಾರೆ. ನನಗೆ ಬರುತ್ತಿದ್ದುದು ಕಚೇರಿಯ ಇಂಗ್ಲಿಷ್ ಒಂದೇ. ಪುಣೆಯ ಒಬ್ಬ ನಿವೃತ್ತ ಸಾರ್ಜೆಂಟರಿಗೆ, ವಿಮಾನದ ಬಾಲದ ಬಗ್ಗೆ ಹದಿನೈದು ದಿನದೊಳಗೆ ತಪ್ಪದೆ ವರದಿ ಸಲ್ಲಿಸತಕ್ಕದ್ದು ಎಂದು ಬರೆದುಬಿಟ್ಟಿದ್ದೆ. ಆತ ಗಾಬರಿಯಾಗಿ, ತನ್ನ ಮೇಲೆ ಏನಾದರೂ ವಿಚಾರಣೆ ನಡೆದಿದೆಯೇ ಎಂದು ಕೇಳಿ ಮರುಟಪಾಲಿಗೆ ಬರೆದಿದ್ದ. ಉತ್ತರಗಳೆಲ್ಲ ನನ್ನ ಖೋಲಿಯ ವಿಳಾಸಕ್ಕೆ ಬರುತ್ತಿದ್ದವು. ಓದಿ ಹೇಳುವವನೂ ನಾನೇ. ಚಾಚಾ ಒಂದು ವಹಿಯಲ್ಲಿ ಪ್ರತಿ ವಿಮಾನದ ಹೆಸರು, ಬಣ್ಣ, ನಂಬರು ಬರೆದು, ಕೊನೆಗೆ ‘ಖಾತ್ರಿ’ ಅಥವಾ ‘ಖಾತ್ರಿ ಇಲ್ಲ’ ಎಂದು ಷರಾ ಹಾಕುತ್ತಿದ್ದರು.

ಒಂದು ಸಂತೆಯ ದಿನ ಬೆಳ್ಳಟ್ಟಿಯಿಂದ ನೀಲವ್ವ ಬಂದಳು. ಜೊತೆಗೆ ಎಂಟೊಂಬತ್ತು ವರ್ಷದ ಮಗಳು ಶಾಂತಾ. ಗಂಡ ಬಸವಣ್ಣೆಪ್ಪ ವಾಯುಪಡೆಯಲ್ಲಿ ಎಂಜಿನ್ ರಿಪೇರಿಯ ಕೆಲಸದಲ್ಲಿದ್ದು, ಕಾಮಾಲೆಯಾಗಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಚಾಚಾ ಅವನನ್ನು ಕಂಡವರಲ್ಲ. ವಿಮಾನ ಮಾಡುವವರೊಬ್ಬರು ಲಕ್ಷ್ಮೇಶ್ವರದಲ್ಲಿದ್ದಾರೆ ಎಂದು ಯಾರೋ ಹೇಳಿದ್ದನ್ನು ನಂಬಿ ಆಕೆ ಬಂದಿದ್ದಳು.

“ಅಣ್ಣಾರ, ಅವರು ಪತ್ರದಾಗ ನಮ್ಮ ಎಮ್ಮಿ ಸುದ್ದಿ ಕೇಳತಿದ್ರು, ತಮ್ಮ ಡಕೋಟಾದ ಸುದ್ದಿ ಹೇಳತಿದ್ರು. ‘ನಮ್ಮ ಡಕೋಟಾ ಆರಾಮ ಐತಿ’ ಅಂತ ಬರೀತಿದ್ರು. ನಮ್ಮ ಎಮ್ಮಿ ಅವರು ನೋಡಿದ್ರು. ಅವರ ಡಕೋಟಾ ನಾ ನೋಡಿಲ್ಲ.”

ಸೆರಗಿನ ಗಂಟಿನಿಂದ ಒಂದು ಫೋಟೋ ತೆಗೆದಳು. ವಿಮಾನದ ಬಾಲದ ಮುಂದೆ ಬಸವಣ್ಣೆಪ್ಪ ಕೈಕಟ್ಟಿ ನಿಂತಿದ್ದ. ಬಾಲದ ಮೇಲೆ ಇಂಗ್ಲಿಷಿನ ಎರಡು ಅಕ್ಷರ, ಆಮೇಲೆ 4, ಆಮೇಲೆ 1, ಆಮೇಲೆ ಬಸವಣ್ಣೆಪ್ಪನ ಭುಜ. ಭುಜದ ಆಚೆ ಕೊನೆಯ ಅಂಕಿಯ ಬಲಗಡೆಯ ಎರಡು ಬಾಗು ಮಾತ್ರ ಕಾಣುತ್ತಿದ್ದವು. ಅದು 3 ಇರಬಹುದು, 8 ಇರಬಹುದು.

ನಾಲ್ಕು ತಿಂಗಳಲ್ಲಿ ಡಕೋಟಾ ಸಿದ್ಧವಾಯಿತು. ಹದಿನಾರು ಇಂಚಿಗೆ ಚೂರು ಕಡಿಮೆ ಅಗಲದ ರೆಕ್ಕೆ, ಎರಡು ಎಂಜಿನ್ನು, ಬಾಯಿಂದ ಊದಿದರೆ ತಿರುಗುವ ಪಂಖ. ಕೊನೆಯ ಅಂಕಿಯೊಂದು ಬಿಟ್ಟು ಎಲ್ಲವೂ ಇತ್ತು. ಆ ಒಂದು ಅಂಕಿಗಾಗಿ ಒಂದೂವರೆ ವರ್ಷ ಪತ್ರ ಬರೆದೆವು. ನೀಲವ್ವ ಆಗಾಗ ಸಂತೆಗೆ ಬಂದಾಗ ಅಂಗಡಿಯ ಮುಂದೆ ಚೀಲ ಇಳಿಸಿ, ಹಲಗೆಯ ಮೇಲಿನ ವಿಮಾನವನ್ನು ಸ್ವಲ್ಪ ಹೊತ್ತು ನೋಡಿ ಹೋಗುತ್ತಿದ್ದಳು. ಗಂಡನ ಪಿಂಚಣಿಯ ಅರ್ಜಿಗಳನ್ನೂ ನನ್ನಿಂದಲೇ ಟೈಪ್ ಮಾಡಿಸುತ್ತಿದ್ದಳು. ಒಮ್ಮೆ ಮಾತ್ರ, “ಅಷ್ಟು ಖಾಲಿ ಇದ್ರೂ ನಡೀತೈತ್ರಿ ಅಣ್ಣಾರ” ಎಂದಳು.

“ನೀ ನೋಡಬೇಕಂದದ್ದು ಅವರ ಡಕೋಟಾ, ತಂಗಿ,” ಎಂದರು ಚಾಚಾ. “ಇನ್ನೊಂದು ತಿಂಗಳ ತಡಿ.”

ಅವಳು ಚೀಲ ಎತ್ತಿಕೊಂಡು ಹೋದದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಕರುಣೆ ಎಂದು ಆಗ ಅಂದುಕೊಂಡಿದ್ದೆ. ಈಗ ಯೋಚಿಸಿದರೆ ಅದರಲ್ಲಿ ಅರ್ಧ ಬೇಸರವೂ ಇತ್ತು, ನನ್ನ ಪತ್ರಕ್ಕೆ ಯಾರೂ ಉತ್ತರ ಕೊಡುತ್ತಿಲ್ಲವಲ್ಲ ಎಂಬ ಅವಮಾನವೂ ಇತ್ತು. ಮರುದಿನ ಊರಿನ ಒಂದು ಟೈಪಿಂಗ್ ಕ್ಲಾಸಿನ ಮಶೀನಿನಲ್ಲಿ ನನಗೆ ನಾನೇ ಒಂದು ಉತ್ತರ ಬರೆದುಕೊಂಡೆ. ಬಸವಣ್ಣೆಪ್ಪನ ಜೊತೆಗಾರನೊಬ್ಬ ಬರೆದಂತೆ, ಕೊನೆಯ ಅಂಕಿ 8 ಎಂದು. ಲಕೋಟೆ ಎಲ್ಲಿ ಎಂದು ಚಾಚಾ ಕೇಳಿದಾಗ, ಅಂಚೆಚೀಟಿ ಚಲೋ ಇತ್ತು, ಓಣಿಯ ಹುಡುಗರಿಗೆ ಕೊಟ್ಟೆ ಎಂದೆ.

ಅವರು ಪತ್ರವನ್ನು ಎರಡು ಸಲ ನನ್ನಿಂದ ಓದಿಸಿದರು. ಆಮೇಲೆ ಕೈ ತೊಳೆದು ಬಂದು ಕೂತು, 8 ಬರೆದರು. ವಹಿಯಲ್ಲಿ ‘ಖಾತ್ರಿ’ ಎಂದು ಷರಾ ಹಾಕಿದರು. ಮುಂದಿನ ಸಂತೆಗೆ ನೀಲವ್ವ ಡಕೋಟಾವನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ, ಮಗಳ ತೊಡೆಯ ಮೇಲಿಟ್ಟಳು. ನಾನು ಪುಣ್ಯ ಕಟ್ಟಿಕೊಂಡವನ ಹಾಗೆ ಕೈಬೀಸಿದೆ.

ಐದು ತಿಂಗಳ ಮೇಲೆ ನಾಗಪುರದಿಂದ ಒಂದು ಲಕೋಟೆ ಬಂತು. ಇದು ನಿಜವಾದ ಜೊತೆಗಾರ. ಬಸವಣ್ಣೆಪ್ಪನ ಜೊತೆ ಅದೇ ವಿಮಾನದ ಮೇಲೆ ಕೆಲಸ ಮಾಡಿದವನು. ಊರು ಬದಲಿಸಿದ್ದರಿಂದ ಪತ್ರ ತಡವಾಗಿ ಸಿಕ್ಕಿತೆಂದು ಕ್ಷಮೆ ಕೇಳಿ, ಬಾಲ ಪೂರ್ತಿ ಕಾಣುವ ಫೋಟೋ ಇಟ್ಟಿದ್ದ. ಕೊನೆಯ ಅಂಕಿ 3.

ಆ ಲಕೋಟೆಯನ್ನು ಒಂದು ವಾರ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಶಿರಹಟ್ಟಿಗೆ ಹೋಗಿಬಂದೆ. ಯಾರಿಗೂ ಗೊತ್ತಾಗುವುದಿಲ್ಲ ಎಂದು ಹೋಗುವಾಗ ಅನಿಸುತ್ತಿತ್ತು. ಬರುವಾಗ ಆ ಸಮಾಧಾನ ಉಳಿಯುತ್ತಿರಲಿಲ್ಲ. ಕೊನೆಗೆ ಶನಿವಾರ ಸಂಜೆ ಅಂಗಡಿಗೆ ಹೋಗಿ ಅದನ್ನು ಅವರ ಮುಂದಿಟ್ಟು, ಮೊದಲಿನ ಪತ್ರ ಬರೆದವನು ನಾನೇ ಎಂದೆ. ಮೆಹಬೂಬಿ ಆ ದಿನ ಅಂಗಡಿಯಲ್ಲಿರಲಿಲ್ಲ.

ಚಾಚಾ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದರು. ಕೈಯಲ್ಲಿದ್ದ ಕುಂಚವನ್ನು ಟರ್ಪಂಟೈನಿನಲ್ಲಿ ಅದ್ದಿ, ಬಟ್ಟೆಗೆ ಒರೆಸಿ, ಮತ್ತೆ ಅದ್ದಿದರು. ಬಯ್ದಿದ್ದರೆ ಹಗುರಾಗುತ್ತಿತ್ತು.

“ಇದು ಬಂದು ಎಷ್ಟ ದಿವಸ ಆತು?”

“ಒಂದು ವಾರ.”

“ನಾಳೆ ಐತವಾರ. ಬೆಳ್ಳಟ್ಟಿಗೆ ಹೋಗೂಣು,” ಎಂದರು. ಅಷ್ಟೇ.

ನೀಲವ್ವನ ಮನೆಯಲ್ಲಿ ಡಕೋಟಾ ಪಡಸಾಲೆಯ ಗೂಡಿನಲ್ಲಿತ್ತು. ಒಂದು ಕಣ ಧೂಳಿರಲಿಲ್ಲ. ಅವಳು ಕುಂಡ್ರಿ ಎಂದರೂ ಚಾಚಾ ಕೂರದೆ, ನಿಂತಲ್ಲೇ ಹೇಳಿದರು: “ತಂಗಿ, ನಂಬರ ತಪ್ಪ ಬರದೀನಿ. ತಿದ್ದಾಕ ಬಂದೀನಿ.”

ನಾನು ಬಾಯಿ ತೆರೆದೆ. ಅವರು ನನ್ನತ್ತ ನೋಡಲಿಲ್ಲ. ನಾನು ಬಾಯಿ ಮುಚ್ಚಿದೆ.

ನೀಲವ್ವ ಗೂಡಿನತ್ತ ತಿರುಗಿದಳು. “ಐದು ತಿಂಗಳಾತು, ದಿನಾ ಮುಂಜಾನೆದ್ದು ಒರಸತೀನಿ. ಬ್ಯಾರೆದವರ ವಿಮಾನ ಒರಸಿದ್ನೇನ್ರಿ?”

“ವಿಮಾನ ಅವರದಽ, ತಂಗಿ. ನಂಬರ ಅಷ್ಟ ಬ್ಯಾರೆದು.”

“ಹಂಗಾರ ತಿದ್ದಿಬಿಡ್ರಿ,” ಎಂದು ಅವಳೇ ಇಳಿಸಿ ಕೊಟ್ಟಳು.

ಕಿಟಕಿಯ ಬಳಿ ಕೂತಾಗ ಚಾಚಾ ಬ್ಲೇಡನ್ನು ನನ್ನ ಕೈಗೆ ಕೊಟ್ಟರು. ನನಗಷ್ಟೇ ಕೇಳುವಂತೆ, “ಕೆರಿಯೋದು ನಿನ್ನ ಕೆಲಸ, ಬರಿಯೋದು ನನ್ನ ಕೆಲಸ” ಎಂದರು. 8ರ ಎಡಗಡೆಯನ್ನು ಕೆರೆದರೆ 3 ಆಗುತ್ತದಲ್ಲ ಎಂದು ನನ್ನ ಬುದ್ಧಿ ಅಲ್ಲಿಯೂ ಓಡಿತು. ಅವರು ತಲೆ ಅಲ್ಲಾಡಿಸಿದರು. “8 ಬರಿಯೋ ಕೈ ಬ್ಯಾರೆ, 3 ಬರಿಯೋ ಕೈ ಬ್ಯಾರೆ. ಪೂರಾ ತಗಿ.” ಜೋಳದ ಕಾಳಿಗಿಂತ ಚಿಕ್ಕ ಒಂದು ಅಂಕಿಯನ್ನು ಕೆರೆಯಲು ನನಗೆ ಒಂದು ತಾಸು ಹಿಡಿಯಿತು. ಅವರು 3 ಬರೆಯಲು ಒಂದು ನಿಮಿಷ.

ಮರಳುವ ಬಸ್ಸಿನಲ್ಲಿ ಕೇಳಿದೆ: “ನನ್ನ ಹೆಸರ ಯಾಕ ಹೇಳಲಿಲ್ಲ, ಚಾಚಾ?”

“ಅಕಿ ಅರ್ಜಿ ಎಲ್ಲಾ ನೀನಽ ಟೈಪ್ ಮಾಡಾಂವ. ನಿನ್ನ ಮ್ಯಾಲ ನಂಬಿಗಿ ಹೋದ್ರ ಅಕಿ ಯಾರ ಕಡೆ ಹೋಗಬೇಕು?” ಸ್ವಲ್ಪ ದೂರ ಹೋದ ಮೇಲೆ ಹೇಳಿದರು: “ಪೇಂಟರ್ ಬೇಕಾದಷ್ಟ ಮಂದಿ ಸಿಗತಾರ.”

ವಹಿಯಲ್ಲಿ ‘ಖಾತ್ರಿ’ಯನ್ನು ಹೊಡೆದುಹಾಕಿ ‘ಬರೆದದ್ದು ತಪ್ಪು, ತಿದ್ದಿದೆ’ ಎಂದು ಬರೆದರು. ಯಾರ ತಪ್ಪೆಂದು ಬರೆಯಲಿಲ್ಲ. ಮುಂದೆ ನನಗೆ ಮುಂಡರಗಿಗೆ ವರ್ಗವಾಯಿತು, ಅಲ್ಲಿಂದ ಗದಗಿಗೆ. ಹೋಗುವ ತನಕ ಅವರ ಪತ್ರಗಳನ್ನು ಟೈಪ್ ಮಾಡಿದೆ. ಮುಂಡರಗಿಗೆ ಹೋದ ಮೇಲೂ ಟಪಾಲಿನಲ್ಲಿ ತರಿಸಿಕೊಂಡು ಮಾಡಿದೆ. ಆ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಎಂಬತ್ತರ ದಶಕ ಮುಗಿಯುವ ಮೊದಲೇ ಅವರು ತೀರಿಕೊಂಡರು.

ಗ್ಯಾರೇಜಿನ ಮುಂದೆ ನಿಂತ ಮರುದಿನ ನಾನು ಬೆಳ್ಳಟ್ಟಿಯ ಬಸ್ಸು ಹತ್ತಿದೆ. ನೀಲವ್ವ ಹೋಗಿ ಬಹಳ ವರ್ಷವಾಗಿದೆ. ಶಾಂತಾ ಸೋದರಮಾವನ ಮಗನನ್ನೇ ಮದುವೆಯಾಗಿ ಊರಲ್ಲೇ ಉಳಿದಿದ್ದಾಳೆ. ಅವಳಿಗೇ ಈಗ ಮೊಮ್ಮಕ್ಕಳು. ಚಹಾ ಬರುವ ಮೊದಲೇ ನಾನು ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಸಿಟ್ಟಾಗಲಿಲ್ಲ.

“ಅವ್ವ ಇದ್ದಿದ್ರ ಏನಂತಿದ್ಲೋ ನನಗ ಗೊತ್ತಿಲ್ರಿ ಕಾಕಾರ,” ಎಂದಳು. “ಆದ್ರ ಇದನ್ನ ನನಗ ಹೇಳಿದ್ರ ಆಗೂದಿಲ್ಲ. ಮೆಹಬೂಬಕ್ಕ ಲಕ್ಷ್ಮೇಶ್ವರದಾಗ ಅದಾಳ. ವಹಿಯಾಗ ಓದಿ, ಅವರಪ್ಪ ಒಂದು ನಂಬರ ತಪ್ಪ ಬರದಿದ್ದ ಅಂತಽ ಅಕಿ ಇನ್ನೂ ತಿಳಕೊಂಡಾಳ. ಅಕಿಗೆ ಹೇಳ್ರಿ.”

ನಲವತ್ತು ವರ್ಷ ನಾನು ನೀಲವ್ವನಿಗೆ ಸುಳ್ಳು ಹೇಳಿದೆನೆಂದು ಕೊರಗಿದ್ದೆ. ಯಾರ ಹೆಸರಿಗೆ ಕಪ್ಪು ಬಳಿದಿದ್ದೆ ಎಂಬುದು ಆಗಲೇ ಹೊಳೆದದ್ದು.

ಮಧ್ಯಾಹ್ನದ ಬಸ್ಸಿಗೆ ಲಕ್ಷ್ಮೇಶ್ವರಕ್ಕೆ ಹೋದೆ. ಬಾಗಿಲು ತೆರೆದ ಮೆಹಬೂಬಿಗೆ ತಲೆಯೆಲ್ಲ ಬಿಳಿ. ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಹೊಸ್ತಿಲ ಮೇಲೆಯೇ ನಿಂತು ಹೇಳಿದೆ: ಆ ತಪ್ಪು ನನ್ನದು, ನಿಮ್ಮ ಅಬ್ಬಾರದ್ದಲ್ಲ, ಅವರ ಕೈ ಎಂದೂ ತಪ್ಪಲಿಲ್ಲ.

ಅವಳು ಬಾಗಿಲ ಚೌಕಟ್ಟು ಹಿಡಿದು ಕೇಳಿದಳು. ಆಮೇಲೆ ನಿಧಾನವಾಗಿ ನಕ್ಕಳು. ಕಣ್ಣು ಮಾತ್ರ ನಗಲಿಲ್ಲ.

“ನಾ ಹಾಕಿದ ಹೊಲಿಗಿ ಎಷ್ಟ ಸರ್ತಿ ಬಿಚ್ಚಿಸಿದ್ರು ನಮ್ಮ ಅಬ್ಬಾ, ಗೊತ್ತೇನ್ರಿ ಅಣ್ಣಾರ? ಅಳೂ ಬರತಿತ್ತು. ಅವರಿಗೂ ಒಮ್ಮೆ ತಪ್ಪಾಗಿತ್ತಲ್ಲ ಅಂತ ಅದೊಂದು ಸಮಾಧಾನ ಇತ್ತು ನನಗ. ಅದನ್ನೂ ಇವತ್ತ ಕಸಗೊಂಡ್ರಿ.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಬಾಗಿಲಿನಿಂದ ಪಕ್ಕಕ್ಕೆ ಸರಿದಳು.

“ಒಳಗ ಬರ್ರಿ, ಕುಂಡ್ರಿ,” ಎಂದಳು. “ಮಗನ್ನ ಕರೀತೀನಿ. ಅವಂಗೂ ನಾನಽ ಹೇಳೀನಿ, ಅಜ್ಜ ಒಮ್ಮೆ ತಪ್ಪಿದ್ದ ಅಂತ. ಅವನ ಮುಂದ ಮದಲಿಂದ ಹೇಳ್ರಿ.”