ಅಳಿಸಿದ ನಾಲ್ಕನೆಯ ಭಾಗ

ಹೊತ್ತು ಮುಳುಗಿದ ಮೇಲೆ ಹುಣಸೆಮರದ ಕೆಳಗೆ ಕೂರಬೇಡ ಎಂದು ಅತ್ತೆ ಹೇಳಿದರೆ, ಅಲ್ಲೇ ಕೂತು ಅವರೆಕಾಯಿ ಬಿಡಿಸಿದವಳು ನಾನು. ದೆವ್ವ ಅಂದರೆ ನಗು ಬರುತ್ತಿತ್ತು. ಈಗ ನಂಬುತ್ತೇನೆ ಎಂದೇನೂ ಹೇಳಲಾರೆ. ನಗು ಮಾತ್ರ ಬರುವುದಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಬಂಗಾರಪೇಟೆಯಿಂದ ದಿನಾ ಬಸ್ಸು ಹಿಡಿದು ರಾಬರ್ಟ್‌ಸನ್‌ಪೇಟೆಗೆ ಹೋಗಿ, ಒಂದು ಆಸ್ಪತ್ರೆಯ ಸರ್ವರ್ ನೋಡಿಕೊಳ್ಳುತ್ತಿದ್ದೆ. ಹಳೆಯ ಯೂನಿಕ್ಸ್ ಯಂತ್ರ. ಪೆಟ್ಟಿಗೆ ಒಂದೇ, ಆದರೆ ಒಳಗೆ ಮೂರು ಭಾಗ ಮಾಡಿದ್ದೆವು, ಒಂದೇ ಮನೆಯಲ್ಲಿ ಮೂರು ಸಂಸಾರ ಇದ್ದ ಹಾಗೆ. ಬಿಲ್ಲಿಗೊಂದು, ಲ್ಯಾಬಿಗೊಂದು, ವಾರ್ಡಿನ ಆಕ್ಸಿಜನ್ ಅಲಾರಾಂಗೊಂದು. ಪ್ರತಿಯೊಂದಕ್ಕೂ ಅದರದೇ ಪ್ರೊಸೆಸರ್, ಅದರದೇ ಮೆಮೊರಿ. ಎಲ್ಲದರ ಬುಡದಲ್ಲಿ ಮಾನಿಟರ್ ಎಂಬ ಚಿಕ್ಕ ಪ್ರೋಗ್ರಾಂ. ಯಾವ ಭಾಗವನ್ನು ಎಬ್ಬಿಸಬೇಕು, ಯಾವುದನ್ನು ಮಲಗಿಸಬೇಕು ಎಂದು ಅದಕ್ಕೆ ಆಜ್ಞೆ ಕೊಡಬೇಕು. ಮೊದಲು ನಾಲ್ಕನೆಯ ಭಾಗವೂ ಇತ್ತು, ಹಳೆಯ ಗಣಿ ಕಾರ್ಮಿಕರ ವಾರ್ಡಿನದು. ಆ ವಾರ್ಡು ಮುಚ್ಚಿದಾಗ ನಾನೇ ಅದನ್ನು ಅಳಿಸಿ, ಅದರ ಮೆಮೊರಿಯನ್ನು ಅಲಾರಾಂಗೆ ಸೇರಿಸಿದ್ದೆ.

ಆ ಭಾನುವಾರ ಮಧ್ಯಾಹ್ನ ನಮ್ಮ ದೊಡ್ಡಣ್ಣ ಮೇಲಿನ ವಾರ್ಡಿನಲ್ಲಿದ್ದ. ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಧೂಳು ಕುಡಿದ ಎದೆ. ಆಕ್ಸಿಜನ್ ಇಲ್ಲದೆ ಉಸಿರಿಲ್ಲ. ಅಲಾರಾಂ ಭಾಗ ಯಾಕೋ ತೊದಲುತ್ತಿತ್ತು. ಒಮ್ಮೆ ಮಲಗಿಸಿ ಎಬ್ಬಿಸೋಣ ಎಂದು ಹೋದೆ. ಮಲಗಿತು, ಏಳಲಿಲ್ಲ. ಮೆಮೊರಿ ಸಿಗುತ್ತಿಲ್ಲ ಎಂದು ಬಂತು.

ನರ್ಸ್ ಸೆಲ್ವಿ ಫೋನ್ ಮಾಡಿದಳು. "ಅಕ್ಕಾ, ನಿಮ್ ಪೆಟ್ಟಿಗೆ ಊಟ ಮಾಡಿ ನಿದ್ದೆ ಹೊಡೀತಾ? ಸೀಕ್ರಂ, ಬೇಗ ಎಬ್ಸಿ. ಅಣ್ಣನ ಮೀಟರ್ ನಾನೇ ಕಾಯ್ತಾ ಕೂತಿದೀನಿ."

ಎಲ್ಲ ಭಾಗಗಳ ಸ್ಥಿತಿ ತೋರಿಸು ಎಂದು ಮಾನಿಟರ್‌ಗೆ ಆಜ್ಞೆ ಕೊಟ್ಟೆ. ನಾಲ್ಕು ಸಾಲು ಬಂದವು. ನಾನು ಅಳಿಸಿದ್ದ ಭಾಗ ಎದ್ದು ನಡೆಯುತ್ತಿದೆ ಎಂದಿತ್ತು. ಪ್ರೊಸೆಸರ್ ಒಂದೂ ಇಲ್ಲ, ಅದಿಲ್ಲದೆ ಯಾವ ಭಾಗವೂ ನಡೆಯದು. ಅಲಾರಾಂಗೆ ಸೇರಿದ ಮೆಮೊರಿಯೆಲ್ಲ ಅದರ ಕೈಯಲ್ಲಿ.

ಅದರ ಕನ್ಸೋಲ್ ತೆರೆದೆ. ಖಾಲಿ ಪರದೆ. ಎಂಟರ್ ಒತ್ತಿದೆ, ಕರ್ಸರ್ ಒಂದು ಸಾಲು ಇಳಿಯಿತು. ಸ್ವಲ್ಪ ತಡೆದು, ನಾನು ಒತ್ತದೆಯೇ ಇನ್ನೊಂದು ಸಾಲು ಇಳಿಯಿತು. ಕೀಬೋರ್ಡಿನ ಕೇಬಲ್ ಕಿತ್ತೆ. ಮತ್ತೊಂದು ಸಾಲು ಇಳಿಯಿತು. ಎಸಿ ಕೋಣೆಯಲ್ಲಿ ನನ್ನ ರವಿಕೆ ಬೆನ್ನಿಗೆ ಅಂಟಿಕೊಂಡಿತು.

ಕೇಬಲ್ ಸಿಕ್ಕಿಸಿ, ಆ ಭಾಗವನ್ನು ನಿಲ್ಲಿಸುವ ಆಜ್ಞೆ ಕೊಟ್ಟೆ. ಕೇಳಲಿಲ್ಲ. ಉಳಿದಿದ್ದು ಒಂದೇ ದಾರಿ, ಇಡೀ ಪೆಟ್ಟಿಗೆಯನ್ನು ರೀಸೆಟ್ ಮಾಡುವುದು. ಒಂದು ಭಾಗ ನಡೆಯುತ್ತಿರುವಾಗ ಹಾಗೆ ಮಾಡಬಾರದು. ಒಳಗೆ ಅರ್ಧಕ್ಕೆ ನಿಂತದ್ದು ಹೋಗಿಯೇಬಿಡುತ್ತದೆ. ಒಳಗೆ ಯಾರಿದ್ದಾರೆ, ಏನೂ ಇಲ್ಲವಲ್ಲ ಎಂದು ನನಗೆ ನಾನೇ ಜೋರಾಗಿ ಹೇಳಿಕೊಂಡೆ. ಆದರೂ ಕೈ ಏಳಲಿಲ್ಲ.

ಅಷ್ಟರಲ್ಲಿ ಮತ್ತೆ ಸೆಲ್ವಿ. "ಅಕ್ಕಾ, ನಂಬರ್ ಇಳೀತಿದೆ! ಡಾಕ್ಟ್ರನ್ನ ಕರೆಸಿದೀನಿ!"

ರೀಸೆಟ್ ಒತ್ತಿಬಿಟ್ಟೆ. ಯಂತ್ರ ಎದ್ದಾಗ ಮೂರೇ ಸಾಲಿದ್ದವು. ಅಲಾರಾಂ ಏಳುತ್ತಲೇ ಬಡಿದುಕೊಂಡಿತು. ನಾನು ಮೇಲಕ್ಕೆ ಓಡಿದೆ. ಡಾಕ್ಟರು ಸಡಿಲವಾಗಿದ್ದ ಪೈಪಿನ ಜಾಯಿಂಟ್ ಬಿಗಿ ಮಾಡುತ್ತಿದ್ದರು. ಅಣ್ಣ ಮಾಸ್ಕ್ ಕಿತ್ತು ಎದ್ದು ಕೂತಿದ್ದ. ಉಸಿರೇ ಇಲ್ಲದ ಮನುಷ್ಯ, ಕೂಗುತ್ತಿದ್ದ.

"ಯಾವನ್ಲಾ ಲೈಟ್ ಆರ್ಸಿದ್ದು? ಕೆಳಗಿನ್ನೂ ಒಬ್ಬವ್ನೆ ಕಣ್ಲಾ! ಓಗ್ರಲಾ, ನೋಡ್ರಲಾ!"

ವಾರ್ಡಿನ ದೀಪ ಆರಿರಲೇ ಇಲ್ಲ. ಅಲಾರಾಂ ಬಡಿಯೋಕೆ ಮುಂಚೆ, ಮಲಗಿದ್ದವನು ಧಡಕ್ಕನೆ ಎದ್ದು ಹೀಗೇ ಶುರು ಮಾಡಿದ ಎಂದಳು ಸೆಲ್ವಿ. ಲೆಕ್ಕ ಹಾಕಿದರೆ, ನಾನು ರೀಸೆಟ್ ಒತ್ತಿದ ಹೊತ್ತು ಅದು.

ಮಾರನೆಯ ದಿನ ಬಂದ ಕಂಪನಿಯ ಎಂಜಿನಿಯರ್, "ಹಳೇ ಸಾಲು ಎಲ್ಲೋ ಉಳ್ಕೊಂಡಿರುತ್ತೆ ಮೇಡಂ. ನೀವು ಮುದ್ದೆ ಒಂದು ಜಾಸ್ತಿ ಉಂಡಿರ್ತೀರ" ಎಂದು ನಕ್ಕ. ಪ್ರೊಸೆಸರ್ ಇಲ್ಲದೆ ಅದು ನಡೆದದ್ದು ಹೇಗಪ್ಪ ಎಂದೆ. ಟೀ ಆರುತ್ತದೆ ಎಂದು ಎದ್ದು ಹೋದ.

ಅಣ್ಣ ಬದುಕಿದ, ಈಗ ನಮ್ಮ ಮನೆಯಲ್ಲೇ ಇದ್ದಾನೆ. ಯಂತ್ರದಲ್ಲಿ ನಾನು ಕಂಡದ್ದನ್ನು ಅವನಿಗೆ ಹೇಳಿಲ್ಲ. ಆದರೂ ಆಗಾಗ ಮಾಸ್ಕ್ ಸರಿಸಿ ಕೇಳುತ್ತಾನೆ, "ಅಮ್ಮಯ್ಯಾ, ಅವ್ನು ಮ್ಯಾಕೆ ಬಂದ್ನಾ?"

ಬಂದ ಅಣ್ಣ, ಅನ್ನುತ್ತೇನೆ. ಯಾರು ಎಂದು ಕೇಳುವ ಧೈರ್ಯ ಇವತ್ತಿಗೂ ಬಂದಿಲ್ಲ.