ಮಾಗಡಿ ಕೆರಿಯಾಗ ಕಂಬಳಿ ಹೊಚ್ಕೊಂಡು ಗೆದ್ದದ್ದು

ಮಾಗಡಿ ಕೆರಿ ದಂಡಿ, ಮುಂಜಾನಿ. ಚಳಿಗಾಲ ಮುಗಿಯಾಕ ಬಂದೈತಿ. ತಲಿ ಮ್ಯಾಲೆ ಎರಡು ಕರಿ ಪಟ್ಟಿ ಇರೋ ಪರದೇಶದ ಬಾತುಗಳು ಇನ್ನೇನು ಹೊಂಡ್ತಾವು. ಆ ಪಟ್ಟಿ ಬರಿಗಣ್ಣಿಲೆ ನೋಡಬೇಕು ಅಂತ ಎಷ್ಟು ಸಲ ಬಂದರೂ ಬರೇ ಹಾರಿಸಿ ಕಳಿಸೇನಿ. ಇವತ್ತೂ ಹಳದಿ ಅಂಗಿ ಹಾಕ್ಕೊಂಡು ಸನೇಕ ಹೋದೆ, ಕಾಲು ಜಾರಿ ರಾಡಿಯಾಗ ಎಮ್ಮಿ ಹಂಗ ಬಿದ್ದೆ. ಬಾತೆಲ್ಲಾ ಭರ್‍ ಅಂತ ಎದ್ದುವು.

"ಕೆರೀನ ಖಾಲಿ ಮಾಡಿಬಿಟ್ಟೆಲ್ಲಲೇ!" ಅಂತ ಒಡ್ಡಿನ ಮ್ಯಾಲಿಂದ ಬೈದ, ದೊಡ್ಡ ಕ್ಯಾಮೆರಾ ಹಿಡಿದ ಗೆಳ್ಯಾ ರಫೀಕ.

ಅಲ್ಲೇ ದಂಡಿಯಾಗ ಕುರಿ ಕಾಯೋ ಅಕ್ಕ ಒಬ್ಬಾಕಿ ನಾ ನಡಗೋದು ನೋಡಿ ತನ್ನ ಕಂಬಳಿ ಹೊಚ್ಚಿದ್ಳು. "ಕುರಿ ನಡುವ ಕುಂಡ್ರು ತಮ್ಮಾ, ಬೆಚ್ಚಗಾಕ್ಕೈತಿ."

ಕುಂತೆ. ಸ್ವಲ್ಪ ಹೊತ್ತಿಗೆ ಬಾತು ಹೊಳ್ಳಿ ಬಂದು ಕುರಿ ಜೋಡಿನ ಮೇಯಾಕ ಹತ್ತಿದ್ವು. ದಿನಾ ನೋಡೋ ಕುರಿ, ದಿನಾ ನೋಡೋ ಕಂಬಳಿ, ಅವಕ್ಯಾಕ ಅಂಜಿಕಿ? ಒಂದು ನನ್ನ ಮೊಣಕಾಲ ತನಕ ಬಂತು. ಎರಡೂ ಪಟ್ಟಿ ಖರೇನ ಕಂಡ್ವು! ಉಸಿರು ಬಿಗಿಹಿಡದು ಮಹಾರಾಜನ ಹಂಗ ಕುಂತೆ.

ರಫೀಕಗ ಹೊಟ್ಟಿ ಉರೀತು. ಹೊಸ ಜಾಕೆಟ್ ಬಿಚ್ಚಿಟ್ಟು, ಒಡ್ಡಿನ ಆಚಿ ಕಡೆ ಬೇಕಂತನ ರಾಡಿಯಾಗ ಉಳ್ಳಾಡಿ ಅಕ್ಕನ ಮುಂದ ಬಂದು ನಿಂತ.

"ಅಯ್ಯ ತಮ್ಮಾ," ಅಂದ್ಳು ಅಕ್ಕ, "ನನ್ನ ಹತ್ರ ಇದ್ದದ್ದು ಅದೊಂದ ಕಂಬಳಿ."