ಎಡಗೈ ಹೊಲಿಗೆಯ ಕಂಬಳಿ

2018ರಲ್ಲಿ ರಾಯದುರ್ಗದಲ್ಲಿ ನನಗೊಂದು ಕೆಲಸವಿತ್ತು. ನಮ್ಮ ಮನೆಯವರ ಸೋದರಮಾವ ನಿವೃತ್ತ ವಕೀಲರು; ಅವರಿಗೆ ಕಣ್ಣು ಮಂಜಾಗಿತ್ತು. ದಿನಾ ಮಧ್ಯಾಹ್ನ ಅಡುಗೆಮನೆ ಒರೆಸಿ ಹೋಗಿ ಅವರಿಗೆ ಕಾಗದಪತ್ರ ಓದಿಹೇಳುತ್ತಿದ್ದೆ.

ಆ ವರ್ಷ ಗುಮ್ಮಘಟ್ಟದ ಕಡೆಯ ಹನುಮಂತಪ್ಪ ಎಂಬ ಕುರಿಗಾರ ಬಂದರು. ಮೂವತ್ತು ವರ್ಷದ ಹಿಂದೆ ಅವರ ಊರಿನ ಇಬ್ಬರು ಕುರಿಗಾರ ಅಣ್ಣತಮ್ಮಂದಿರ ಕೊಲೆಯಾಗಿತ್ತು. ಅನುಮಾನ ಹನುಮಂತಪ್ಪನವರ ಮೇಲಿತ್ತು, ಕೇಸು ನಿಲ್ಲಲಿಲ್ಲ. ಆದರೂ ಅವರ ಮನೆಯಲ್ಲಿ ಊರವರು ನೀರು ಮುಟ್ಟುತ್ತಿರಲಿಲ್ಲ. "ನೀವು ಫೈಲು ನೋಡಿ ಒಂದು ಮಾತು ಬರಕೊಡ್ರಿ. ನಿಮ್ಮ ಮಾತು ಕೇಳ್ತೀವಿ ಅಂದಾರ ಹಿರೇರು. ಸಾಯೋದ್ರೊಳಗ ಒಬ್ಬರಾದ್ರೂ ಬಂದು ನೀರು ಕುಡೀಲ್ರಿ," ಎಂದರು. ಹೆಂಡತಿ ಗಂಗಮ್ಮ ವರಾಂಡದಲ್ಲಿ ಕೂತು, ಗಂಡನ ಅಂಗಿಗೆ ಗುಂಡಿ ಹೊಲಿಯುತ್ತಿದ್ದರು. ಎಡಗೈಯಲ್ಲಿ.

ನೋಡಿದವರಿಲ್ಲದಾಗ ಸುತ್ತಲಿನ ಸಂಗತಿಗಳನ್ನು ಸರಪಳಿಯಂತೆ ಜೋಡಿಸುವುದೇ ಸಾಂದರ್ಭಿಕ ಸಾಕ್ಷ್ಯ. ಇಲ್ಲಿ ಎರಡು ಕೊಂಡಿಗಳಿದ್ದವು: ಸತ್ತವರೊಂದಿಗಿನ ಮೇವಿನ ಜಗಳ, ಆ ದಿನ ಹನುಮಂತಪ್ಪ ಊರಲ್ಲಿ ಇರದಿದ್ದದ್ದು. "ಸಾಲದು," ಎಂದರು ಮಾವ. ಶವಗಳ ಬಳಿ ಸಿಕ್ಕ, ಯಾರೂ ತಮ್ಮದೆನ್ನದ ಕಂಬಳಿಯ ಫೋಟೋ ಆಗ ನನ್ನ ಕೈಯಲ್ಲಿತ್ತು. ಕಂಬಳಿಯನ್ನು ಎರಡು ಪಟ್ಟಿಯಾಗಿ ನೇಯ್ದು ನಡುವೆ ಹೊಲಿದು ಕೂಡಿಸುತ್ತಾರೆ. ಇದರ ಹೊಲಿಗೆ ನಾನು ಬೇರೆಡೆ ನೋಡಿದ ಕಂಬಳಿಗಳಿಗಿಂತ ಬೇರೆ ಕಡೆಗೆ ವಾಲಿತ್ತು. ಕಾನ್ವೆಂಟಿನಲ್ಲಿ ಸಿಸ್ಟರ್ ಹೊಲಿಗೆ ಕಲಿಸುವಾಗ ಎಡಗೈ ಹುಡುಗಿಯರ ಬಟ್ಟೆ ಹೀಗೇ ಇರುತ್ತಿತ್ತು. ಇದು ಗಂಗಮ್ಮನ ಎಡಗೈ ಹೊಲಿಗೆ ಎಂದು ಹೇಳಿಬಿಟ್ಟೆ.

"ಪೊಲೀಸರಿಗೆ ಕಾಣದ್ದು ನಿನಗ ಕಂಡೈತಲ್ಲಮ್ಮಾ! ಡಿಎಸ್ಪಿ ಆಗಬೇಕಿತ್ತು ನೀನು," ಎಂದು ಮಾವ ನಕ್ಕರು. ನನಗೂ ಹೆಮ್ಮೆಯಾಯಿತು. 'ಕಂಬಳಿ ಹನುಮಂತಪ್ಪನದೇ, ಅನುಮಾನ ಬಲವಾಗಿದೆ' ಎಂದು ಅವರು ಹೇಳಿದ್ದನ್ನು ನಾನೇ ದುಂಡಗೆ ಬರೆದೆ. ಅದನ್ನು ಹಿರಿಯರಿಗೆ ಕಳಿಸಿದೆವು, ಅವರು ಊರಲ್ಲಿ ಓದಿದರು.

ತಿಂಗಳಾದ ಮೇಲೆ, ಹನುಮಂತಪ್ಪ ಕೊಟ್ಟಿದ್ದ ಕಾಗದಗಳನ್ನು ಹಿಂದಿರುಗಿಸಲು ಷೇರ್ ಆಟೋದಲ್ಲಿ ಅವರ ಊರಿಗೆ ಹೋದೆ. ಇಳಿದಲ್ಲೇ ಬೇಲಿಯ ಮೇಲೊಂದು ಕಂಬಳಿ ಒಣಗುತ್ತಿತ್ತು, ಅದೇ ವಾಲು. ಕಟ್ಟೆಯ ಮೇಲಿದ್ದ ಮುದುಕರ ಹೆಗಲಲ್ಲೂ ಅದೇ.

ಗಂಗಮ್ಮನ ಮನೆಯೊಳಗೆ ಕಂಬಳಿಗಳ ರಾಶಿಯಿತ್ತು. "ಇವೆಲ್ಲ ನಿಮ್ಮವಾ?" ಎಂದೆ.

"ನಮ್ಮವ್ಯಾಕ ಆಗ್ತಾವ್ರೀ ಅಕ್ಕಾರ? ಊರ ಕಂಬಳಿ ಹೊಲಿಯಾಕಿ ನಾನೇ. ನೀರು ಕುಡಿಯಾಕ ಒಲ್ಲರು, ಕಂಬಳಿ ಮಾತ್ರ ಹೊಸ್ತಿಲದಾಗ ಒಗದು ಹೋಗ್ತಾರ. ಸತ್ತೋರ ಕಂಬಳೀನೂ ನಾನೇ ಹೊಲದಿದ್ನಿ."

ಕಾಗದಗಳನ್ನು ಅವರ ಕೈಗಿಟ್ಟೆ. ನನ್ನ ತಪ್ಪು ಹೇಳಿಕೊಂಡೆ. ಒಳಗೆ ಮಲಗಿದ್ದ ಹನುಮಂತಪ್ಪ ಗೋಡೆಯ ಕಡೆ ಹೊರಳಿದರು. ನಾನೇ ಕೇಳಿ ಒಂದು ಚೊಂಬು ನೀರು ಕುಡಿದೆ. ಆದರೆ ನಾನು ಆ ಊರಿನವಳಲ್ಲ.

ಕಂಬಳಿ ಪುರಾವೆಯಲ್ಲವೆಂದು ಮಾವ ಎರಡನೆಯ ಪತ್ರ ಬರೆಸಿದರು. "ವಕೀಲರು ಒಮ್ಮಿ ಹಂಗಂತಾರ, ಒಮ್ಮಿ ಹಿಂಗಂತಾರ," ಎಂದು ಹಿರಿಯರು ಅದನ್ನು ಮಡಚಿಟ್ಟರಂತೆ.

ಹನುಮಂತಪ್ಪ ಕೊಂದರೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಆ ಕಂಬಳಿಗಂತೂ ಗೊತ್ತಿರಲಿಲ್ಲ; ಅದರ ಬಾಯಲ್ಲಿ ಮಾತು ತುರುಕಿದವಳು ನಾನು. ಕಣ್ಣಿಗೆ ಕಂಡದ್ದು ಅರ್ಧ, ಕೇಳಿ ತಿಳಿದದ್ದು ಇನ್ನರ್ಧ ಎಂಬುದನ್ನು ಈ ಕೆಲಸ ಕಲಿಸಿತು, ತಡವಾಗಿ. ಅವತ್ತು ಬಾಗಿಲವರೆಗೆ ಬಂದ ಗಂಗಮ್ಮ ಮೆಲ್ಲಗೆ ಅಂದಿದ್ದರು: "ನಾನು ನಿಮ್ಮ ವರಾಂಡದಾಗೇ ಕುಂತಿದ್ನಲ್ರೀ ಅಕ್ಕಾರ. ಕೇಳಿದ್ರ ಹೇಳ್ತಿದ್ನಿ."